ಉಣ್ಣದ ಊಟದ ವರದಿ

ವೈಶಾಖದ ವಿಜಾಪುರದ ಬಿಸಿಲಿನಲ್ಲಿ, ಬೀದಿನಾಯಿ ಕೂಡ ಗೋಡೆಯ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ಇಳಕಲ್ ಸೀರೆಯ ಮೇಲೆ ಗಂಡಸರ ಉಣ್ಣೆಯ ಕೋಟು ತೊಟ್ಟು ಸಿದ್ಧೇಶ್ವರ ಗುಡಿಯ ಮುಂದಿನ ಪೇಟೆಯಲ್ಲಿ ಬಿರಬಿರನೆ ನಡೆದು ಹೋಗುತ್ತಿದ್ದ ಆ ಹೆಂಗಸನ್ನು ಒಮ್ಮೆ ಕಂಡವರು ಮತ್ತೆ ಮರೆಯುವಂತಿರಲಿಲ್ಲ. ದಿಲ್ಲಿಯ ಚಳಿಗೆಂದು ಯಾರಿಗೋ ಹೊಲಿದ ಕೋಟು ಅದು. ತೋಳು ಉದ್ದ, ಹೆಗಲು ಅಗಲ, ಬಣ್ಣ ಹಳೆಯ ಬೆಲ್ಲದ್ದು. ಬಲಜೇಬಿನಲ್ಲಿ ಪೆನ್ಸಿಲ್ ತುಂಡುಗಳು, ಎಡಜೇಬಿನಲ್ಲಿ ಹುರಿದ ಶೇಂಗಾ. "ಅಕ್ಕಾರ, ಸೆಕಿ ಆಗಾಂಗಿಲ್ಲೇನ್ರಿ?" ಎಂದು ಯಾರಾದರೂ ಕೇಳಿದರೆ, "ಆಗತದ. ಆದ್ರ ನಿಮಗ್ಯಾಕ ಬೆವರು ಬರಾಕತ್ತದ?" ಎಂದು ನಗುತ್ತ ಮುಂದೆ ಹೋಗುವವಳು. ಊರು ಆಕೆಯನ್ನು ಪೇಪರ ರುದ್ರವ್ವ ಎಂದು ಕರೆಯುತ್ತಿತ್ತು.

ಆಕೆಯ ನಡಿಗೆಯೇ ಒಂದು ತಮಾಷೆ. ಟಿಕೋಟಾದ ಕೊನೆಯ ಬಸ್ಸು ಈಗ ಹೊರಟೇಬಿಡುತ್ತದೆ ಎಂಬಂತೆ ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಜೇಬಿಗಿಳಿಸಿ, ಎದುರು ಬಂದವರು ತಾವೇ ಬದಿಗೆ ಸರಿಯಬೇಕೆಂಬ ಧೋರಣೆಯಿಂದ ನಡೆಯುವಳು. ಮಾತಿನಲ್ಲಿ ಒಂದು ಚಾಳಿಯಿತ್ತು, ಎದುರಿಗಿದ್ದವರು ಎಂಥ ಸಂಗತಿ ಹೇಳಲಿ, ಸಾವಿನದಾಗಲಿ ಸಂಭ್ರಮದ್ದಾಗಲಿ, ಉಸಿರು ಬಿಡಲು ನಿಂತ ಕೂಡಲೆ "ಆತು, ಮುಂದ?" ಎನ್ನುವಳು. ಟಿಕೋಟಾದ ಗೃಹಸ್ಥನೊಬ್ಬ ತನ್ನ ಅಣ್ಣತಮ್ಮಂದಿರ ಬದುವಿನ ಜಗಳವನ್ನು ಅಜ್ಜನ ಕಾಲದಿಂದ ಹಿಡಿದು ಹೇಳತೊಡಗಿ, ಆಕೆಯ "ಆತು, ಮುಂದ?" ಎಂಬ ಅಂಕುಶಕ್ಕೆ ಸಿಕ್ಕು ದಣಿದು, ಕಡೆಗೆ "ಮುಂದೇನೂ ಇಲ್ರಿ ಅಕ್ಕಾರ, ಇದ್ದದ್ದೆಲ್ಲಾ ಮುಗೀತು, ಇನ್ನ ಮುಂದಿಂದು ನೀವ ಹೇಳಬೇಕು" ಎಂದು ಕೈಮುಗಿದನಂತೆ.

ಎಡಜೇಬಿನ ಶೇಂಗಾಕ್ಕೂ ಒಂದು ಕಾರಣವಿತ್ತು. ಸುದ್ದಿಗೆಂದು ಹೋದ ಮನೆಯಲ್ಲಿ ರುದ್ರವ್ವ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಕಂಟ್ರಾಕ್ಟರನು ತರಿಸಿದ ಚಹಾ ಕೆನೆಗಟ್ಟಿ ತಣ್ಣಗಾಗುತ್ತಿದ್ದರೆ, ಈಕೆ ಅವನೆದುರಿಗೇ ಜೇಬಿನಿಂದ ಶೇಂಗಾ ತೆಗೆದು ಒಂದೊಂದಾಗಿ ಬಾಯಿಗೆಸೆದುಕೊಳ್ಳುತ್ತ, ರಸ್ತೆಗೆ ಹಾಕಿದ ಖಡಿ ಎಷ್ಟು, ಹಾಕದೆ ಉಳಿಸಿಕೊಂಡದ್ದು ಎಷ್ಟು ಎಂದು ವಿಚಾರಿಸುವಳು. "ಉಂಡ ಮನಿಗೆ ಎರಡು ಬಗೀಬಾರದು ಅಂತಾರ. ನನ್ನ ಉದ್ಯೋಗನ ಎರಡು ಬಗಿಯೋದು. ಅದಕ್ಕ ಉಣ್ಣಾಂಗಿಲ್ಲ" ಎಂಬುದು ಆಕೆಯ ಸಿದ್ಧಾಂತ. ಈ ನೇಮದ ಬಗ್ಗೆ ಆಕೆಗೆ ಒಳಗೊಳಗೆ ಬಹಳ ಹೆಮ್ಮೆಯಿತ್ತು. ಕೈಗೆ ಬಂಗಾರದ ಬಿಲ್ವಾರದ ಬಳೆ ಇಲ್ಲದವಳು ಅದನ್ನೇ ತೊಟ್ಟು ತಿರುಗುತ್ತಿದ್ದಳು ಎನ್ನಬೇಕು.

ಕೋಟು ಶಿವಯೋಗೆಪ್ಪ ಕಾಖಂಡಕಿಯವರದು. ನಲವತ್ತೆರಡರಲ್ಲಿ ಜೈಲು ಕಂಡು, ಐವತ್ತೇಳರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಹೋಗಿ, ಗೇಣಿದಾರರ ಪರವಾಗಿ ಗುಡುಗಿ ದೇಶದ ಪತ್ರಿಕೆಗಳಲ್ಲೆಲ್ಲ ಹೆಸರಾದ ಮುಖಂಡರು. ಬಹಳ ಹಿಂದೆ, ಟಿಕೋಟಾದ ಒಂದು ಸಭೆಯಲ್ಲಿ ಅವರು ತಾವು ದಾನ ಕೊಟ್ಟ ಹೊಲವನ್ನು ವರ್ಣಿಸುತ್ತಿದ್ದಾಗ, ಆಗಷ್ಟೇ ಸಾಲೆಯ ಮಾಸ್ತರಿಕೆ ಬಿಟ್ಟು ಹುಬ್ಬಳ್ಳಿಯ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದ, ಅದೇ ಊರಿನ ಗಾಣದವರ ಮಗಳು ರುದ್ರವ್ವ ಎದ್ದುನಿಂತು "ಆ ಹೊಲದಾಗ ನೀರೈತೇನ್ರಿ?" ಎಂದು ಕೇಳಿದಳು. ಸಭೆ ಗೊಳ್ಳೆಂದಿತು. ಶಿವಯೋಗೆಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕು, "ಇಲ್ಲವ್ವಾ, ಅದಕ್ಕ ಕೊಟ್ಟೀನಿ" ಎಂದರು. ಅಷ್ಟು ನಿಜವನ್ನು ಅಷ್ಟು ಸಲೀಸಾಗಿ ಹೇಳಬಲ್ಲ ಗಂಡಸನ್ನು ರುದ್ರವ್ವ ಕಂಡಿರಲಿಲ್ಲ. ಮನಸ್ಸು ಅಲ್ಲಿಯೇ ಜಾರಿತು. ಜೈನಾಪುರದ ಮನೆಯಲ್ಲಿ ಅವರಿಗೆ ಗುರುಹಿರಿಯರ ಸಮಕ್ಷಮ ಕೈಹಿಡಿದ ಗುರುಬಸವ್ವ ಇದ್ದಳು, ಹೊಲಮನೆಯ ಯಜಮಾನಿಕೆಯೆಲ್ಲ ಅವಳದೇ. ಗುಡಿಯ ಹಿಂದಿನ ಓಣಿಯ ಬಾಡಿಗೆ ಮನೆಯ ಮಹಡಿಯಲ್ಲಿ ರುದ್ರವ್ವ ಇದ್ದಳು.

ಊರ ಬಾಯಿಗೆ ಬೀಗವುಂಟೆ? ಪೇಟೆಯ ಹೆಂಗಸೊಬ್ಬಳು ಆಕೆಗೆ ಕೇಳಿಸುವ ಹಾಗೆ "ಸಾಹೇಬ್ರು ಇಟಗೊಂಡಾಕಿ" ಎಂದಾಗ, ರುದ್ರವ್ವ ತಿರುಗಿ ನಿಂತು, "ಹೌದವ್ವಾ, ನಾನೂ ಅವರನ್ನ ಇಟಗೊಂಡೀನಿ. ಭಾಳ ಖರ್ಚಿನ ಗಂಡಸು, ಭಾಷಣ ಸೈತ ನಾನ ಬರದು ಕೊಡಬೇಕು" ಎಂದಳು. ತಲೆ ತಗ್ಗಿಸಿಯಾಳೆಂದು ಕಾದವರಿಗೆಲ್ಲ ಆಕೆ ಕಡೆಯವರೆಗೂ ಈ ಸುಖವನ್ನು ಕೊಡಲಿಲ್ಲ. ಆಕೆ ಪಟ್ಟ ನಾಚಿಕೆಯೇ ಬೇರೆ, ಅದರ ಕಥೆಯೇ ಬೇರೆ.

ಭಾಷಣದ ಮಾತು ತಮಾಷೆಯಾಗಿರಲಿಲ್ಲ, ಖರೆಯೇ ಆಗಿತ್ತು. ರುದ್ರವ್ವನ ವಾರಪತ್ರಿಕೆಯ ಹೆಸರು 'ಎರಿನಾಡು'. ಮಶಾಕಸಾಬ ಎಂಬ ಹಿರಿಯ ಕಂಪೋಜಿಟರ್ ಅಚ್ಚಿನ ಮೊಳೆ ಜೋಡಿಸಿ, ಕಾಲಿನಿಂದ ತುಳಿದು ನಡೆಸುವ ಯಂತ್ರದಲ್ಲಿ ಅದನ್ನು ಮುದ್ರಿಸುತ್ತಿದ್ದ. ಮೊಳೆ ಜೋಡಿಸಲು ಹೊತ್ತು ಬೇಕು, ಬೆಳಗಿನ ಬಸ್ಸಿಗೆ ಪತ್ರಿಕೆಯ ಗಂಟು ಹೋಗಬೇಕು. ಸಭೆ ಮುಗಿಯುವ ತನಕ ಕಾದರೆ ಸುದ್ದಿ ವಾರ ಹಳಸುತ್ತದೆ. ಆದ್ದರಿಂದ ಶಿವಯೋಗೆಪ್ಪನವರ ಸಭೆಗಳ ವರದಿಯನ್ನು ರುದ್ರವ್ವ ಸಭೆಗೆ ಮುಂಚೆಯೇ ಬರೆದು ಮೊಳೆಗೆ ಕೊಡುತ್ತಿದ್ದಳು. ಭಾಷಣ ಬರೆದವಳು ತಾನೇ ಆದಮೇಲೆ ಅವರು ಏನು ಹೇಳುತ್ತಾರೆಂದು ಹೋಗಿ ಕೇಳಬೇಕೇಕೆ? ಚಪ್ಪಾಳೆ ಎಲ್ಲಿ ಬೀಳುತ್ತದೆಂಬುದು ಸಹ ಆಕೆಗೆ ಗೊತ್ತು. ಕಂಟ್ರಾಕ್ಟರನ ಚಹಾ ಮುಟ್ಟದ ಪತ್ರಕರ್ತೆಗೆ ಈ ಪದ್ಧತಿಯಲ್ಲಿ ಒಂದು ಕೂದಲಿನಷ್ಟೂ ತಪ್ಪು ಕಾಣದೆ ಹೋದದ್ದು ಹೇಗೆ ಎಂದು ಮುಂದೆ ಆಕೆಯೇ ಬಹಳ ಸಲ ತನ್ನನ್ನು ಕೇಳಿಕೊಂಡಿದ್ದಳು. ಉಣ್ಣದಿರಲು ನೇಮ ಮಾಡಿಕೊಂಡವಳು ಒಂದು ಮನೆಯ ಉಪ್ಪನ್ನು ಮಾತ್ರ ದಿನವೂ ಉಣ್ಣುತ್ತಿದ್ದಳಲ್ಲ!

ಅರವತ್ತೆರಡರ ಚುನಾವಣೆಗೆ ಮುಂಚಿನ ಚಳಿಗಾಲದಲ್ಲಿ ಬಬಲೇಶ್ವರದಲ್ಲಿ ಸಭೆ ಗೊತ್ತಾಯಿತು. ಸಭೆ ಮುಗಿದ ಮೇಲೆ ಸಾಹೇಬರು ಬೌದ್ಧರ ಕೇರಿಗೆ ಹೋಗಿ ಪರಸಪ್ಪನ ಮನೆಯಲ್ಲಿ ಊಟ ಮಾಡುವುದೆಂಬ ಯೋಜನೆಯೂ ರುದ್ರವ್ವನದೇ. ಕೇರಿಯವರು ಬೌದ್ಧ ದೀಕ್ಷೆ ತೆಗೆದುಕೊಂಡು ಕೆಲವು ವರ್ಷಗಳಾಗಿದ್ದವು. ಊರು ಮಾತ್ರ ಅವರನ್ನು ಇನ್ನೂ ಹಳೆಯ ಹೆಸರಿನಿಂದಲೇ ಕೂಗುತ್ತಿತ್ತು, ಹಳೆಯ ದೂರದಲ್ಲೇ ನಿಲ್ಲಿಸುತ್ತಿತ್ತು. ಪರಸಪ್ಪ ಸುಗ್ಗಿಯಲ್ಲಿ ಜೋಳ ಕೊಯ್ಯುವ ಕೂಲಿ. ನಾಲ್ಕು ಅಕ್ಷರ ಬಲ್ಲವನಾದ್ದರಿಂದ ವಾರವಾರ 'ಎರಿನಾಡು' ತರಿಸಿ ಕೇರಿಗೆ ಓದಿಹೇಳುವವನು. "ಉಣ್ತೀರಲ್ಲ?" ಎಂದು ರುದ್ರವ್ವ ಕೇಳಿದಾಗ ಶಿವಯೋಗೆಪ್ಪನವರು, "ಅಲ್ಲಾ ರುದ್ರಾ, ಉಣ್ಣಾಕ ನನಗ ಕಲಿಸಬೇಕೇನು?" ಎಂದಿದ್ದರು. ಆಕೆ ವರದಿ ಬರೆದಳು. 'ಪರಸಪ್ಪನವರ ಅಂಗಳದಲ್ಲಿ, ಅವರ ಪತ್ನಿ ಸೋನಾಬಾಯಿಯವರು ಬಡಿಸಿದ ರೊಟ್ಟಿಯನ್ನು ನಾಯಕರು ಎರಡನೆಯ ಸಲ ಕೇಳಿ ಹಾಕಿಸಿಕೊಂಡು ಉಂಡರು' ಎಂದು ಬರೆದಳು. ಆ 'ಎರಡನೆಯ ಸಲ' ಎಂಬುದು ತಾನಾಗಿ ಬಂದ ಮಾತು. ಬರೆದಾಗ ಆಕೆಯ ಕಣ್ಣು ತೇವವಾಗಿತ್ತು.

ಸಭೆಯ ದಿನ ಸೋನಾಬಾಯಿ ಅಂಗಳ ಸಾರಿಸಿ, ರಂಗೋಲಿ ಹಾಕಿ, ಶೇಂಗಾ ಹೋಳಿಗೆ ಮಾಡಿದ್ದಳು, ಎಣಗಾಯಿ ಮಾಡಿದ್ದಳು. ತೆಳ್ಳನೆಯ ಜೋಳದ ರೊಟ್ಟಿಗಳನ್ನು ಬಿಳಿಯ ಅರಿವೆಯಲ್ಲಿ ಸುತ್ತಿ ಇಟ್ಟಿದ್ದಳು. ಜೀಪು ಕೇರಿಯ ಬಾಯಿಗೆ ಬಂದು ನಿಂತಿತು. ಹಿಂದೆ ಕುಳಿತಿದ್ದ ಊರ ಹಿರಿಯನೊಬ್ಬ ಮುಂದಕ್ಕೆ ಬಾಗಿ ಏನೋ ಪಿಸುಗುಟ್ಟಿದ. ಶಿವಯೋಗೆಪ್ಪನವರು ಇಳಿದರು, ಹಾರ ಹಾಕಿಸಿಕೊಂಡರು, ಪರಸಪ್ಪನ ಹೆಗಲ ಮೇಲೆ ಕೈಯಿಟ್ಟರು, ಇನ್ನೊಂದು ಕೈಯನ್ನು ತಮ್ಮ ಹೊಟ್ಟೆಯ ಮೇಲಿಟ್ಟುಕೊಂಡರು.

"ಹೊಟ್ಟಿ ಕೆಟ್ಟದಪಾ ಪರಸಪ್ಪಾ. ಡಾಕ್ಟರು ಏನೂ ತಿನಬ್ಯಾಡಂದಾನ. ನಿಮ್ಮ ಪ್ರೀತಿನ ಉಂಡೀನಿ ಅಂತ ತಿಳಕೋರಿ."

ಜೀಪು ಧೂಳೆಬ್ಬಿಸಿ ಜೈನಾಪುರದ ಕಡೆಗೆ ಹೊರಟುಹೋಯಿತು. ಅಲ್ಲಿ ಗುರುಬಸವ್ವನ ಕೈಯ ಸಜ್ಜೆರೊಟ್ಟಿಯನ್ನು ಅವರು ಹೊಟ್ಟೆತುಂಬ ಉಂಡರೆಂಬುದು ಮಾರನೆಯ ದಿನ ಜೀಪಿನ ಡ್ರೈವರನಿಂದ ಗೊತ್ತಾಯಿತು. ರುದ್ರವ್ವ ಕೇರಿಯಲ್ಲಿಯೇ ನಿಂತಿದ್ದಳು. ಜನ ಅವಳ ಮುಖ ನೋಡುತ್ತಿದ್ದರು. ಸೋನಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು.

"ಅಕ್ಕಾರ, ಸಾಹೇಬ್ರ ಹೊಟ್ಟಿ ಸರಿ ಇಲ್ಲ, ಹೋಗ್ಲಿ. ನಿಮ್ಮ ಹೊಟ್ಟಿ ಸರಿ ಐತಲ್ರಿ? ನೀವರ ಕುಂದರ್ರಿ."

"ಸುದ್ದಿಗೆ ಬಂದಾಗ ನಾ ಎಲ್ಲೂ ಉಣ್ಣಾಂಗಿಲ್ಲವ್ವಾ. ಅದು ನನ್ನ ನೇಮ."

"ಹೂಂನ್ರಿ" ಎಂದಳು ಸೋನಾಬಾಯಿ. ಸಿಟ್ಟಿರಲಿಲ್ಲ, ದಣಿವಿತ್ತು. "ನಮ್ಮ ಬಾಗಲಾ ಬಂತಂದ್ರ ಎಲ್ಲಾರಿಗೂ ಒಂದೊಂದು ನೇಮ ನೆನಪಾಗತೈತ್ರಿ."

ರುದ್ರವ್ವನ ಮುಖ ಕಿವಿಯವರೆಗೆ ಕಾದುಹೋಯಿತು. ಆ ಕ್ಷಣವೇ ಕುಳಿತುಬಿಡಬೇಕಿತ್ತು. ನೇಮ ಸುಡಲಿ ಎಂದು ಒಂದು ತುತ್ತು ಮುರಿಯಬೇಕಿತ್ತು. ಕುಳಿತರೆ ಇವಳ ಮಾತಿಗೆ ಅಂಜಿ ಕುಳಿತಂತಾಯಿತಲ್ಲ ಎಂಬ ಹಾಳು ಅಭಿಮಾನ ಬೇರೆ ಅಡ್ಡ ಬಂತು. ಬಸ್ಸಿನ ನೆಪ ಹೇಳಿ ಹೊರಟುಬಿಟ್ಟಳು. ದಾರಿಯುದ್ದಕ್ಕೂ ಹಸಿವಾಗಿತ್ತು, ಜೇಬಿನ ಶೇಂಗಾಕ್ಕೆ ಕೈ ಹೋಗಲಿಲ್ಲ.

ಪ್ರೆಸ್ಸಿನಲ್ಲಿ ಅಚ್ಚಾದ ಹಾಳೆಗಳು ಮಡಿಸಿ ಸಿದ್ಧವಾಗಿದ್ದವು. ಮಶಾಕಸಾಬ ಸೆಣಬಿನ ಹುರಿ ಹಿಡಿದುಕೊಂಡು, "ಅಕ್ಕಾ, ಸಾಹೇಬ್ರ ಊಟ ಆತಲ್ಲರಿ? ಗಂಟ ಕಟ್ಟಲೇನು?" ಎಂದ. ಇಷ್ಟೇ ಪ್ರಶ್ನೆ. ಇಲ್ಲ ಎಂದಿದ್ದರೆ ಆ ಮುದುಕ ಗೊಣಗುತ್ತಲಾದರೂ ಹಾಳೆಗಳನ್ನು ರದ್ದಿಗೆ ಹಾಕಿ ಹೊಸದಾಗಿ ಮೊಳೆ ಜೋಡಿಸುತ್ತಿದ್ದ. ಚುನಾವಣೆ ಎದುರಿಗಿತ್ತು, ಉಣ್ಣಲಿಲ್ಲವೆಂದು ಬರೆದರೆ ದಿಲ್ಲಿಯ ತನಕ ನಗೆಪಾಟಲು, ನಾಳೆ ತಾನೇ ಒತ್ತಾಯ ಮಾಡಿ ಕರೆತಂದು ಉಣಿಸಿದರಾಯಿತು, ಒಂದು ದಿನ ಹಿಂದೆಮುಂದೆ ಅಷ್ಟೆ. ಹೀಗೆಲ್ಲ ಮನಸ್ಸು ಒಂದು ಗಳಿಗೆಯಲ್ಲಿ ವಕಾಲತ್ತು ನಡೆಸಿ ಮುಗಿಸಿತು.

"ಆತು. ಕಟ್ರಿ" ಎಂದಳು ರುದ್ರವ್ವ.

ಸುದ್ದಿ ಹಾರಿತು. ಹುಬ್ಬಳ್ಳಿಯ ಪತ್ರಿಕೆಗಳು ಎತ್ತಿಕೊಂಡವು, ದಿಲ್ಲಿಯಲ್ಲಿ ಇಂಗ್ಲಿಷಿನಲ್ಲೂ ಬಂತು, ರೊಟ್ಟಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡದ್ದೂ ಬಂತು. ಆದರೆ ಬಬಲೇಶ್ವರದ ಹಿರಿಯರು ಜೀಪಿನಲ್ಲಿದ್ದವರೇ. ಸಾಹೇಬರು ಉಂಡಿಲ್ಲವೆಂದು ಅವರಿಗೆ ಗೊತ್ತು. ಉಣ್ಣದವರನ್ನು ಉಂಡರೆಂದು ಪೇಪರಿನಲ್ಲಿ ಹಾಕಿಸಿದವರು ಯಾರು? ಪರಸಪ್ಪನನ್ನು ಚಾವಡಿಗೆ ಕರೆಸಿದರು. "ನಾವು ಏನೂ ಹೇಳಿಲ್ರಿ ಯಪ್ಪಾ" ಎಂದು ಅವನು ಎಷ್ಟು ಹೇಳಿದರೂ, "ನೀವು ಹೇಳದೇ ಪೇಪರಿನವರಿಗೆ ಕನಸ ಬಿದ್ದಿತ್ತೇನಲೇ? ಇಂಥಾ ಸುಳ್ಳ ಹಬ್ಬಿಸಿ ದೊಡ್ಡ ಮನಷ್ಯಾನ್ನ ನಿಮ್ಮ ಸಾಲಿಗೆ ಎಳಕೊಂಡ್ರ್ಯಾ?" ಎಂದರು. ಆ ಸುಗ್ಗಿಗೆ ಕೇರಿಯ ಒಬ್ಬರನ್ನೂ ಹೊಲಕ್ಕೆ ಕರೆಯಬಾರದೆಂದು ಗೊತ್ತುಮಾಡಿದರು. ಜೋಳ ಕೊಯ್ದರೆ ಕೂಲಿಯಾಗಿ ಜೋಳ. ಅದೇ ಕೇರಿಗೆ ವರ್ಷದ ಅನ್ನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂದು ನಾವು ಗಾದೆ ಹೇಳಿ ನಗುತ್ತೇವೆ; ಬರೆ ಬಿದ್ದವರು ನಗಲಾರರು.

ಪರಸಪ್ಪ, ಸೋನಾಬಾಯಿ ಇಬ್ಬರೂ ವಿಜಾಪುರಕ್ಕೆ ಬಂದು ಪ್ರೆಸ್ಸಿನ ಹೊಸ್ತಿಲ ಹೊರಗೆ ನಿಂತರು. ರುದ್ರವ್ವ ಒಳಗೆ ಕರೆದರೂ ಬರಲಿಲ್ಲ.

"ಸುಳ್ಳ ಹೇಳಿದವರು ನಾವಂತ ಊರು ಅನ್ನಾಕತ್ತೈತ್ರಿ" ಎಂದ ಪರಸಪ್ಪ. "ಸಾಹೇಬ್ರ ಮ್ಯಾಲ ನಮ್ಮ ತಕರಾರಿಲ್ಲ. ಆ ಸುದ್ದಿ ಕೇರಿಯವರು ಹೇಳಿದ್ದಲ್ಲ ಅಂತ ಒಂದ ಮಾತ ಹಾಕ್ರಿ ಅಕ್ಕಾರ. ಮುಂದಿಂದು ನಾವು ನೋಡ್ಕೋತೀವಿ."

"ಹಾಕ್ತೀನಿ, ಪರಸಪ್ಪಾ."

"ಈ ವಾರ?"

ರುದ್ರವ್ವ ಮೇಜಿನ ಮೇಲಿನ ಮೊಳೆಗಳನ್ನು ನೋಡುತ್ತ ನಿಂತಳು. "ಈಗ ಚುನಾವಣಿ ಐತಲ್ಲಪಾ. ಅದೊಂದು ಮುಗೀಲಿ."

"ಜೋಳ ಈಗ ಕೊಯ್ಯಾಕತ್ತಾರ್ರಿ" ಎಂದಳು ಸೋನಾಬಾಯಿ.

ಅಂದಿನ ಸಂಜೆ ಮಹಡಿಯ ಮನೆಗೆ ಬಂದ ಶಿವಯೋಗೆಪ್ಪನವರ ಎದುರು ಆಕೆ ಕೈಮುಗಿದದ್ದುಂಟು. ಹಿಂದೆಂದೂ ಆಕೆ ಅವರಿಗೆ ಕೈಮುಗಿದವಳಲ್ಲ. "ಇವತ್ತರ ಹೋಗಿ ಉಂಡ ಬರ್ರಿ. ಸುಳ್ಳು ಬರದೀನಿ, ಅದನ್ನ ಖರೇ ಮಾಡ್ರಿ" ಎಂದು ಬೇಡಿಕೊಂಡಳು. ಅವರು ಬಹಳ ಮೃದುವಾಗಿ, ಸಾಲೆಯ ಹುಡುಗಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ ಹೇಳಿದರು: "ಹುಚ್ಚಿ, ಉಂಡಾರಂತ ನೀನ ಬರದಿ. ಈಗ ಮತ್ತ ಹೋಗಿ ಉಂಡ್ರ, ಮದಲ ಉಂಡಿಲ್ಲಂತ ಆಗತದಲ್ಲ?"

ಆ ತರ್ಕದಲ್ಲಿ ಬಿರುಕಿರಲಿಲ್ಲ. ಹೊಲದಲ್ಲಿ ನೀರಿಲ್ಲ, ಅದಕ್ಕೇ ಕೊಟ್ಟೆ ಎಂದ ನಗುವೂ ಇದೇ ಬಾಯಿಯದಲ್ಲವೇ ಎಂದು ರುದ್ರವ್ವನಿಗೆ ಹೊಳೆಯಿತು. ಅಂದು ತಾನು ಮೆಚ್ಚಿದ್ದು ಸತ್ಯವನ್ನಲ್ಲ, ಯಾವುದಕ್ಕೂ ನಾಚದ ಧೈರ್ಯವನ್ನು. ಹಾಗೆಂದು ಆಕೆ ಬಿಟ್ಟು ಹೊರಟಳೆ? ಇಲ್ಲ. ಪ್ರೀತಿ ಅಷ್ಟು ಸುಲಭಕ್ಕೆ ಮಾತು ಕೇಳುವ ವಸ್ತುವಲ್ಲ. ಆ ವಾರ ಬರೆಯಲಿಲ್ಲ, ಮುಂದಿನ ವಾರವೂ ಬರೆಯಲಿಲ್ಲ. ಮತ ಎಣಿಸಿ ಮುಗಿಯಿತು, ಅವರು ಗೆದ್ದರು. ದಿಲ್ಲಿಗೆ ಹೊರಟ ಗಡಿಬಿಡಿಯಲ್ಲಿ, ಪೆಟ್ಟಿಗೆಗೆ ಧೋತರ ಮಡಿಸಿಡುತ್ತಿದ್ದ ಆಕೆಗೆ, "ಈಗ ಬೇಕಾದ್ರ ಅದೇನೋ ಬರೀತೀನಂದಿದ್ದಿಯಲ್ಲ, ಬರದಬಿಡು. ಇನ್ನೇನೂ ಆಗಂಗಿಲ್ಲ" ಎಂದರು. ಇನ್ನೇನೂ ಆಗದ ಹೊತ್ತಿನಲ್ಲಿ, ಅಪ್ಪಣೆ ಪಡೆದುಕೊಂಡು, ರುದ್ರವ್ವ ಸತ್ಯವನ್ನು ಬರೆದಳು. ಬಬಲೇಶ್ವರದ ಊಟದ ಸುದ್ದಿ ಸಂಪಾದಕಿಯು ಮೊದಲೇ ಬರೆದಿಟ್ಟದ್ದು, ಊಟ ನಡೆಯಲಿಲ್ಲ, ಕೇರಿಯವರದು ಇದರಲ್ಲಿ ಏನೂ ಇಲ್ಲ, ಎಂದು ಒಳಪುಟದಲ್ಲಿ ನಾಲ್ಕು ಸಾಲು. ಜೋಳ ಅಷ್ಟೊತ್ತಿಗೆ ರಾಶಿಯಾಗಿ, ಊರವರ ನೆಲದೊಳಗಿನ ಹಗೇವುಗಳಿಗೆ ಇಳಿದು, ಮೇಲೆ ಮಣ್ಣು ಮುಚ್ಚಿಯಾಗಿತ್ತು. ಪರಸಪ್ಪ ಸೊಲ್ಲಾಪುರದ ಗಿರಣಿಗೆ ಹೊರಟುಹೋಗಿದ್ದ. ಅವನಿಲ್ಲದ ಕೇರಿಯಲ್ಲಿ 'ಎರಿನಾಡು' ಓದಿಹೇಳುವವರು ಯಾರೂ ಇರಲಿಲ್ಲ.

ಆ ಬೇಸಿಗೆಯಲ್ಲಿ ರುದ್ರವ್ವ ಒಬ್ಬಳೇ ಬಬಲೇಶ್ವರಕ್ಕೆ ಹೋಗಿ, ಸೋನಾಬಾಯಿಯ ಅಂಗಳದಲ್ಲಿ ನಿಂತು, "ಇವತ್ತ ಸುದ್ದಿಗೆ ಬಂದಿಲ್ಲ, ಉಣ್ಣಾಕ ಬಂದೀನಿ" ಎಂದಳು. ಸೋನಾಬಾಯಿ ಹೋಗೆನ್ನಲಿಲ್ಲ. ಒಳಗೆ ಹೋಗಿ ಒಂದು ರೊಟ್ಟಿ, ಒಂದಿಷ್ಟು ಖಾರ, ತಂಬಿಗೆಯಲ್ಲಿ ನೀರು ತಂದಿಟ್ಟು, ಎದುರಿಗೆ ಕುಳಿತಳು. ಅದು ಆ ಮನೆಯ ಮಧ್ಯಾಹ್ನದ ಪಾಲೆಂದು ತಿಳಿಯದಷ್ಟು ದಡ್ಡಳಲ್ಲ ರುದ್ರವ್ವ. ಬಿಟ್ಟರೂ ಅಪರಾಧ, ಉಂಡರೂ ಅಪರಾಧ ಎಂಬಂತಾಗಿ, ತಲೆ ತಗ್ಗಿಸಿ ಪೂರ್ತಿ ಉಂಡಳು. ಪೇಟೆಯ ಮಾತಿಗೆ ತಗ್ಗದ ತಲೆ ಅದು. ಕೈತೊಳೆಯುವಾಗ ಸೋನಾಬಾಯಿ ಮೆಲ್ಲಗೆ ಹೇಳಿದಳು:

"ಅಕ್ಕಾರ, ಒಂದ ಮಾತು. ಉಂಡದ್ದನ್ನ ಪೇಪರಿನ್ಯಾಗ ಹಾಕಬ್ಯಾಡ್ರಿ. ಈ ಸಲ ಊರವರು ಕೂಲಿಗೆ ಕರಿತೀವಂದಾರ."

ಆಮೇಲಿನ ವರ್ಷಗಳಲ್ಲಿ ಆಕೆ ಶಿವಯೋಗೆಪ್ಪನವರಿಗೆ ಭಾಷಣ ಬರೆದುಕೊಡಲಿಲ್ಲ. ಅವರಿಗೆ ಬರೆದುಕೊಡುವವರು ದಿಲ್ಲಿಯಲ್ಲಿ ಬೇಕಾದಷ್ಟು ಜನ ಸಿಕ್ಕಿದ್ದರು. ಬಂದಾಗ ಬಡಿಸಿದಳು, ಕಾಯಿಲೆ ಬಿದ್ದಾಗ ಕಾಲೊತ್ತಿದಳು. ಅರವತ್ತೆಂಟರಲ್ಲಿ ಅವರು ತೀರಿಕೊಂಡಾಗ, ಒಂದೂ ಬಿಡದೆ ಎಲ್ಲ ಪತ್ರಿಕೆಗಳೂ ಬಬಲೇಶ್ವರದ ಊಟವನ್ನು ಅವರ ಬಾಳಿನ ಪುಣ್ಯದ ಗಳಿಗೆಯೆಂದು ಬರೆದವು. ರೊಟ್ಟಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು ಎಂಬ ಮಾತು ಒಂದಕ್ಷರ ಬದಲಾಗದೆ ಎಲ್ಲದರಲ್ಲೂ ಇತ್ತು. ವಿಜಾಪುರದ ಶೋಕಸಭೆಯಲ್ಲಿ ಗುರುಬಸವ್ವ ವೇದಿಕೆಯ ಮೇಲೆ ಕುಳಿತಿದ್ದಳು, ರುದ್ರವ್ವ ಕೆಳಗೆ ಪತ್ರಿಕೆಯವರ ಸಾಲಿನಲ್ಲಿ. ಹುಬ್ಬಳ್ಳಿಯ ಪತ್ರಿಕೆಯ ವರದಿಗಾರ ಅಂಬಾದಾಸ ಪಕ್ಕದಲ್ಲೇ ಬರೆದುಕೊಳ್ಳುತ್ತಿದ್ದ. ಭಾಷಣಕಾರನೊಬ್ಬ ಆ ರೊಟ್ಟಿಯ ಮಾತೆತ್ತಿ ಕಣ್ಣೊರೆಸಿಕೊಂಡಾಗ ರುದ್ರವ್ವ ಎದ್ದುನಿಂತಳು.

"ಅವರು ಉಣ್ಣಲಿಲ್ಲ. ಅದು ನಾ ಬರದ ಸುಳ್ಳು. ಆ ಸುಳ್ಳಿಗೆ ಕೇರಿಯವರ ಒಂದು ವರ್ಷದ ಜೋಳ ಹೋತು. ಅವತ್ತ ಅವರು ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ."

ಮರುಕ್ಷಣ ನಾಲ್ಕು ಜನ ಬಂದು ಆಕೆಯ ತೋಳು ಹಿಡಿದು ಕೂರಿಸಿದರು, ಯಾರೋ ಬೀಸಣಿಗೆ ತಂದರು. "ಪಾಪ, ಇಷ್ಟು ವರ್ಷದ ಋಣ, ದುಃಖಕ್ಕ ಬುದ್ಧಿ ಕಲಕೈತಿ" ಎಂದು ಹಿಂದಿನ ಸಾಲಿನವರು ಮಾತಾಡಿಕೊಂಡರು. ಇಟ್ಟುಕೊಂಡವಳೆಂದು ಆಡಿದ ಬಾಯಿಗಳೇ ಅಂದು ಮೊದಲ ಸಲ ಆಕೆಗೆ ಮರುಕ ತೋರಿಸಿದವು. ಅಂಬಾದಾಸ ಅವಳ ಕೈಯನ್ನು ಮೆಲ್ಲಗೆ ಒತ್ತಿ, "ಇರಲಿರಿ ಅಕ್ಕಾರ, ನಾ ಏನೂ ಬರಿಯಾಂಗಿಲ್ಲ" ಎಂದ. ಮಾರನೆಯ ದಿನದ ಪತ್ರಿಕೆಯಲ್ಲಿ, 'ದುಃಖಾತಿರೇಕದಿಂದ ರುದ್ರವ್ವನವರಿಗೆ ಮಾತೇ ಹೊರಡಲಿಲ್ಲ' ಎಂದಿತ್ತು.

ದೊಡ್ಡವರ ಮಗ್ಗುಲಲ್ಲಿ ಬದುಕಿ, ಅವರ ದೊಡ್ಡತನವನ್ನು ತಮ್ಮ ಕೈಯಾರೆ ಬರೆಯುವ ಇಂಥವರು ನಮ್ಮಲ್ಲಿ ಅಪರೂಪವಲ್ಲ. ಅವರು ಕೆಟ್ಟವರಲ್ಲ, ಹಣಕ್ಕೆ ಬಾಗಿದವರೂ ಅಲ್ಲ. ತಾವು ಪ್ರೀತಿಸಿದ ಮನುಷ್ಯ ಹೇಗಿರಬೇಕಿತ್ತೋ ಹಾಗೆ ಬರೆಯುತ್ತಾರೆ, ಇವತ್ತಲ್ಲ ನಾಳೆ ಅವನು ಬರೆದಂತೆ ಆದಾನೆಂಬ ಆಸೆಯಿಂದ. ಅವನು ಆಗುವುದಿಲ್ಲ, ಬರೆದದ್ದು ಉಳಿದುಬಿಡುತ್ತದೆ. ಅವರ ಸುಳ್ಳನ್ನು ಲೋಕ ಅವರ ಜಾಣತನಕ್ಕಾಗಿ ನಂಬುತ್ತದೆ, ಅವರ ಸತ್ಯವನ್ನು ಅವರ ದುಃಖಕ್ಕಾಗಿ ಕ್ಷಮಿಸುತ್ತದೆ. ಹಾಗೆ ಕ್ಷಮಿಸುವುದಕ್ಕೆ ಲೋಕಕ್ಕೆ ಯಾವ ಅಧಿಕಾರವೂ ಇಲ್ಲ. ಆ ಅಧಿಕಾರವಿದ್ದವಳು ಸೋನಾಬಾಯಿ ಒಬ್ಬಳೇ, ಅವಳನ್ನು ಆ ಸಭೆಗೆ ಯಾರೂ ಕರೆದಿರಲಿಲ್ಲ.